ಅಟ್ಟದ ಹಲಸಿನ ಹಲಗೆ ತೊಟ್ಟಿಲಾದದ್ದು

ತೊಟ್ಟಿಲು ಮಾಡಲು ಹೊರಟವರು ಮೊದಲು ಹಾಸಿಗೆ ಕೊಂಡು ತರಬೇಕು. ಮರಕ್ಕೆ ಕೈ ಹಾಕುವುದು ಆಮೇಲೆ. ನಾನು ಹೇಳುತ್ತಿರುವುದು ತೂಗುತೊಟ್ಟಿಲಲ್ಲ, ಕಾಲುಗಳ ಮೇಲೆ ನಿಲ್ಲುವ, ಸುತ್ತ ಮರದ ಸರಳುಗಳಿರುವ ತೊಟ್ಟಿಲು. ನಮ್ಮೂರಿನ ಬಡಗಿ ಆಚಾರ್ಯರಿಗೆ ಈ ಮಾತು ಹೇಳಿದಾಗ ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, "ಮನೆ ಕಟ್ಟುವ ಮೊದಲೇ ಪರದೆ ಹೊಲಿಸಿದ ಹಾಗಾಯಿತಲ್ಲಪ್ಪ" ಎಂದು ನಕ್ಕರು. ನಗಲಿ. ಮರವನ್ನು ಬೇಕಾದ ಅಳತೆಗೆ ಕೊಯ್ದುಕೊಳ್ಳಬಹುದು, ಹಾಸಿಗೆಯನ್ನು ಎಳೆದು ಹಿಗ್ಗಿಸಲು ಬರುವುದಿಲ್ಲ. ಹಾಸಿಗೆಗೂ ಪಕ್ಕದ ಕಟಕಟೆಗೂ ನಡುವೆ ಸಂದು ಉಳಿದರೆ, ಹೊರಳುವ ಮಗು ಮುಖವನ್ನು ಅಲ್ಲಿಗೇ ತಂದು ಸಿಕ್ಕಿಸಿಕೊಳ್ಳುತ್ತದೆ. ಅಂದ, ಕೆತ್ತನೆ, ಹೊಳಪು ಎಲ್ಲ ಆಮೇಲಿನ ಮಾತು. ತೊಟ್ಟಿಲಿನ ಕೆಲಸವೆಂದರೆ ಮೊದಲಿಗೆ ಸಂದುಗಳ ಲೆಕ್ಕ.

ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಿಶ್ಚಯವಾಗಿತ್ತು. ನಾನು ಸೋದರಮಾವನಾಗುವವನು. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ಗೋದಾಮು ಖಾಲಿ ಇರುತ್ತದೆ, ನನಗೂ ಮರಗೆಲಸದ ಹುಚ್ಚಿದೆ. ಮಂಚ, ಬೀರು, ಕಿಟಕಿ ಚೌಕಟ್ಟು ಮಾಡಿ ಕೈ ಪಳಗಿತ್ತು. ಹೀಗಾಗಿ ತವರಿನ ಉಡುಗೊರೆ ಅಂಗಡಿಯಿಂದ ಬರುವುದು ಬೇಡ, ಗೋದಾಮಿನಿಂದಲೇ ಬರಲಿ ಎಂದೆ.

ಹಾಸಿಗೆಯ ವಿಷಯಕ್ಕೇ ಮನೆಯಲ್ಲಿ ಮೊದಲ ಚರ್ಚೆ ನಡೆಯಿತು. ಅಮ್ಮನ ಮನಸ್ಸು ಬೂರುಗದ ಹತ್ತಿಯ ಮೇಲಿತ್ತು. ಕೂಸಿಗೆ ಮೆತ್ತಗಿರಬೇಕು ಎನ್ನುವುದು ಅವರ ವಾದ. ಆದರೆ ಎಳೆಗೂಸಿಗೆ ಮೆತ್ತನೆಯದೇ ಅಪಾಯ. ಕವುಚಿಕೊಂಡರೆ ಮೂಗು ಹೂತುಹೋಗುತ್ತದೆ, ತಲೆ ಎತ್ತಿ ತಿರುಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಂಗಿಯನ್ನು ನೋಡುತ್ತಿದ್ದ ವೈದ್ಯೆಯೂ ಗಟ್ಟಿ ಹಾಸಿಗೆ, ಅಂಗಾತ ಮಲಗಿಸುವುದು, ದಿಂಬು ಬೇಡ ಎಂದೇ ಹೇಳಿದ್ದರಿಂದ ನನ್ನ ಪಕ್ಷಕ್ಕೆ ಬಲ ಬಂತು. ಹಾಸನದ ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ ತೆಂಗಿನ ನಾರಿನ ಗಟ್ಟಿ ಹಾಸಿಗೆಯನ್ನು 120 ಸೆಂಟಿಮೀಟರ್ ಉದ್ದ, 60 ಅಗಲ, 10 ದಪ್ಪಕ್ಕೆ ಕತ್ತರಿಸಿ, ಹತ್ತಿ ಬಟ್ಟೆಯ ಹೊದಿಕೆ ಹೊಲಿಸಿ ತಂದೆ. ಅಂಗೈ ಒತ್ತಿ ತೆಗೆದರೆ ಗುರುತು ಉಳಿಯಬಾರದು. ಹಾಸಿಗೆ ಕೊಳ್ಳುವಾಗ ನಾನು ನೋಡಿದ್ದು ಅದೊಂದನ್ನೇ.

ಮನೆಬಳಕೆಯ ತೊಟ್ಟಿಲುಗಳಿಗೆಂದು ಯುರೋಪಿನಲ್ಲಿ ಇಎನ್ 716 ಎಂಬ ಮಾನದಂಡವಿದೆ. ನಾನು ಹಿಡಿದ ಅಳತೆಗಳು ಹೆಚ್ಚಾಗಿ ಅದರವು. ಹಾಸಿಗೆ ಮತ್ತು ಪಕ್ಕದ ನಡುವಿನ ಸಂದು 3 ಸೆಂಟಿಮೀಟರ್ ಮೀರಬಾರದು. ಸರಳಿನಿಂದ ಸರಳಿಗೆ ಇರುವ ಸಂದು ನಾಲ್ಕೂವರೆಯಿಂದ ಆರೂವರೆ ಸೆಂಟಿಮೀಟರ್ ಒಳಗಿರಬೇಕು. ಅಮೆರಿಕದವರು 1973ರಲ್ಲಿ ತಂದ ನಿಯಮ ಇನ್ನೂ ಬಿಗಿ: ಎರಡು ಮತ್ತು ಮೂರೆಂಟಾಂಶ ಇಂಚು, ಅಂದರೆ ಹೆಚ್ಚೆಂದರೆ ಆರು ಸೆಂಟಿಮೀಟರ್. ಇದರ ಹಿಂದಿನ ಕಾರಣ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮಗುವಿನ ಸೊಂಟ ತೂರುವ ಕಡೆ ತಲೆ ತೂರುವುದಿಲ್ಲ. ಕಾಲು ಮೊದಲು ಜಾರುತ್ತದೆ, ಹೊಟ್ಟೆಯೂ ಹೊರಗೆ ಹೋಗುತ್ತದೆ, ಕೊನೆಗೆ ಕತ್ತಿನ ಮೇಲೆ ಇಡೀ ಭಾರ ನಿಲ್ಲುತ್ತದೆ. ಆದ್ದರಿಂದ ಎರಡೂ ನಿಯಮಗಳಿಗೆ ಹೊಂದುವಂತೆ, ಐದರಿಂದ ಐದೂವರೆ ಸೆಂಟಿಮೀಟರ್ ಆಸುಪಾಸಿನಲ್ಲೇ ನಿಲ್ಲಬೇಕೆಂದು ಗೆರೆ ಎಳೆದುಕೊಂಡೆ.

ಎತ್ತರದ ಲೆಕ್ಕವೂ ಹೀಗೆಯೇ. ಹಾಸಿಗೆ ಕೂರುವ ತಳವನ್ನು ಎರಡು ಮಟ್ಟಗಳಲ್ಲಿ ಕೂರಿಸುವ ಹಾಗೆ ಮಾಡಿದರೆ, ಕೆಳಮಟ್ಟದಲ್ಲಿ ತಳದಿಂದ ಮೇಲ್ಪಟ್ಟಿಯ ಅಂಚಿಗೆ ಕನಿಷ್ಠ 60 ಸೆಂಟಿಮೀಟರ್, ಮೇಲ್ಮಟ್ಟದಲ್ಲಿ ಕನಿಷ್ಠ 30 ಇರಬೇಕು. ನೆಲದಿಂದ ಮೇಲ್ಪಟ್ಟಿ 90, ತಳ ಒಮ್ಮೆ 60ರಲ್ಲಿ, ಮುಂದೆ 30ರಲ್ಲಿ ಎಂದು ಬರೆದುಕೊಂಡೆ. ಒಂದು ಪಕ್ಕವನ್ನು ಕೆಳಕ್ಕೆ ಜಾರಿಸುವಂತೆ ಮಾಡು, ಎತ್ತಿಕೊಳ್ಳಲು ಸುಲಭ ಎಂದು ಭಾವ ಬೆಂಗಳೂರಿನಿಂದ ಫೋನಿನಲ್ಲಿ ಸಲಹೆ ಕೊಟ್ಟರು. ಅಂಥ ಜಾರುಪಕ್ಕದ ತೊಟ್ಟಿಲುಗಳ ತಯಾರಿ, ಮಾರಾಟ ಎರಡನ್ನೂ ಅಮೆರಿಕ 2011ರ ಜೂನ್‌ನಲ್ಲಿ ನಿಲ್ಲಿಸಿತು. ಕೊಂಡಿ ಸವೆದು ಪಕ್ಕ ಅರ್ಧ ಕಳಚಿ, ಆ ಸಂದಿಯಲ್ಲಿ ಕೂಸುಗಳು ಸಿಕ್ಕಿಕೊಂಡಿದ್ದವು. ಅಲುಗಾಡುವ ಪಕ್ಕ ನಮಗೆ ಬೇಡ ಎಂದೆ. ಮೊದಲ ತಿಂಗಳುಗಳಲ್ಲಿ ತಳ ಮೇಲ್ಮಟ್ಟದಲ್ಲಿದ್ದರೆ ಬಾಣಂತಿ ಸೊಂಟ ಬಗ್ಗಿಸದೆಯೇ ಮಗುವನ್ನು ಎತ್ತಿಕೊಳ್ಳಬಹುದು. ಅಷ್ಟು ಸಾಕು.

ಇಷ್ಟೆಲ್ಲ ಆದ ಮೇಲೆ ಅಮ್ಮ ನಿಜವಾದ ತಕರಾರು ತೆಗೆದರು. ಮಗು ಹುಟ್ಟುವ ಮೊದಲು ಮನೆಯಲ್ಲಿ ತೊಟ್ಟಿಲು ನಿಲ್ಲಿಸಬಾರದು, ಖಾಲಿ ತೊಟ್ಟಿಲನ್ನು ಮುಟ್ಟಿ ಅಲುಗಿಸಲೂ ಬಾರದು. ಇದು ನಮ್ಮ ಕಡೆ ಎಲ್ಲರ ಮನೆಯ ನಂಬಿಕೆ. ವಾದಿಸಿ ಗೆಲ್ಲುವ ಸಂಗತಿಯಲ್ಲ, ಗೆಲ್ಲುವ ಅಗತ್ಯವೂ ನನಗೆ ಕಾಣಲಿಲ್ಲ. "ಜೋಡಿಸುವುದಿಲ್ಲಮ್ಮ, ಬಿಡಿ ಪಟ್ಟಿಗಳಾಗಿ ಇಟ್ಟಿರುತ್ತೇನೆ. ಮಗು ಬಂದ ಮೇಲೆ ಬೋಲ್ಟು ಹಾಕುತ್ತೇನೆ" ಎಂದೆ. ಸ್ವಲ್ಪ ಯೋಚಿಸಿ, "ಬಿಡಿಯಾಗಿದ್ದರೆ ಅದು ಸೌದೆ, ತೊಟ್ಟಿಲಲ್ಲ" ಎಂದು ಅವರೇ ತೀರ್ಪು ಕೊಟ್ಟರು. ಈ ಒಂದು ಒಪ್ಪಂದದಿಂದ ತೊಟ್ಟಿಲಿನ ಇಡೀ ವಿನ್ಯಾಸ ತೀರ್ಮಾನವಾಯಿತು. ತಲೆ ಮತ್ತು ಕಾಲಿನ ಕಡೆಯ ಎರಡು ಚೌಕಟ್ಟುಗಳು ಕಾಲುಗಳ ಸಮೇತ ಅಂಟಿ ಗಟ್ಟಿ. ಉದ್ದದ ಎರಡು ಪಕ್ಕಗಳು ಮತ್ತು ತಳ ಮಾತ್ರ ಬೋಲ್ಟಿನವು. ಐದು ಭಾಗಗಳನ್ನು ಗೋಡೆಗೆ ಒರಗಿಸಿ ಇಡಬಹುದು, ಬಾಣಂತನ ಮುಗಿದ ಮೇಲೆ ಕಾರಿನಲ್ಲಿ ಹಾಕಿಕೊಂಡು ಬೆಂಗಳೂರಿಗೂ ಹೋಗಬಹುದು.

ಇನ್ನು ಮರ. ಕಾಫಿ ತೋಟದವನಿಗೆ ಮೊದಲು ಕಣ್ಣಿಗೆ ಬೀಳುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಈ ಮರ ನಮ್ಮಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಆಸರೆ. ಸರಿಯಾದ ದಿಕ್ಕಿನಲ್ಲಿ ಕೊಯ್ದರೆ ಹಲಗೆಯ ಮೇಲೆ ಮಿರುಗುವ ಚುಕ್ಕೆಗಳ ನೇಯ್ಗೆಯೂ ಕಾಣುತ್ತದೆ. ಆದರೆ ಇದರ ಎಲೆ ಮತ್ತು ಹೊಟ್ಟು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಕೆಂಪಗೆ ದದ್ದು ಏಳುತ್ತದೆ. ಕುಟ್ಟೆ ಹುಳುವಿಗೂ ಬಲು ಪ್ರೀತಿಯ ಮರ. ಮಗು ಬಾಯಿ ಹಾಕುವ ವಸ್ತುವಿಗೆ ಅದು ಬೇಡ ಎನಿಸಿತು. ಬೀಟೆಯ ಮಾತೇ ಇಲ್ಲ. ತೇಗ ಒಳ್ಳೆಯದೇ, ಆದರೆ ಡಿಪೋದಲ್ಲಿ ಬೆಲೆ ಕೇಳಿ ಸುಮ್ಮನೆ ಹೊರಗೆ ಬಂದೆ. ಅಲ್ಲಿಗೆ ಉಳಿದದ್ದು ಹಲಸು.

ಹಳೆಯ ಮನೆ ಬಿಚ್ಚಿದಾಗ ಅಟ್ಟದಿಂದ ಇಳಿಸಿದ ಹಲಸಿನ ಹಲಗೆಗಳು ಗೋದಾಮಿನ ಮೂಲೆಯಲ್ಲಿ ಸಾಲಾಗಿ ನಿಂತಿದ್ದವು. ಅಜ್ಜನ ಕಾಲದವು. ದಶಕಗಟ್ಟಲೆ ಒಲೆಯ ಹೊಗೆ ಕುಡಿದು ಒಣಗಿದ ಮರಕ್ಕಿಂತ ಹದವಾದ ಮರ ಇನ್ನೆಲ್ಲಿ ಸಿಕ್ಕೀತು? ಆದರೆ ಹಳೆಯ ಹಲಗೆ ಎಂದ ತಕ್ಷಣ ಒಳ್ಳೆಯದು ಎಂದುಕೊಂಡು ಗರಗಸ ಇಡುವುದು ಸರಿಯಲ್ಲ. ಹಲಗೆಗಳನ್ನು ಹೊರಗೆ ಬಿಸಿಲಿಗೆ ತಂದು ಒಂದೊಂದನ್ನೂ ಮಗುಚಿ ನೋಡಿ ಮೂರು ಪಾಲು ಮಾಡಿದೆ.

ಒಂದು ಹಲಗೆಗೆ ಯಾರೋ ಯಾವಾಗಲೋ ಹಸಿರು ಎನಾಮೆಲ್ ಬಳಿದಿದ್ದರು. ಅದನ್ನು ಅಲ್ಲಿಯೇ ಪಕ್ಕಕ್ಕೆ ಇಟ್ಟೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾದದ್ದು. ಅದಕ್ಕೆ ಹಿಂದಿನ ಬಣ್ಣವನ್ನು ಕೀಸಿ ತೆಗೆಯಲು ಹೋದರೆ ಆ ದೂಳು ಗೋದಾಮಿನಲ್ಲೆಲ್ಲ ಹರಡುತ್ತದೆ. ಇನ್ನು ಕೆಲವು ಹಲಗೆಗಳ ಕೆಳಮುಖ ಕರ್ರಗೆ ಮಿರುಗುತ್ತಿತ್ತು. ಅದು ಹೊಗೆಯಲ್ಲ, ಗೆದ್ದಲು ಹಿಡಿಯದಿರಲಿ ಎಂದು ಹಿಂದಿನವರು ಹಚ್ಚಿದ ಗೇರುಸಿಪ್ಪೆಯ ಎಣ್ಣೆ. ಹಸಿಯಾಗಿ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರಿಸುವ ದ್ರವ ಅದು. ಒಣಗಿ ಎಷ್ಟೋ ವರ್ಷವಾಗಿದೆ, ಮರ ಹೆರೆಯುವ ಹತ್ತರಿಯನ್ನು ಎರಡು ಸಲ ಎಳೆದರೆ ಹೋಗುತ್ತದೆ ಎಂದರು ಆಚಾರ್ಯರು. ಇರಬಹುದು. ಆದರೂ ಆ ಹಲಗೆಗಳು ಈಗ ಗೊಬ್ಬರದ ಚೀಲಗಳ ಕೆಳಗೆ ಹಾಸಾಗಿವೆ. ಏನೂ ಹಚ್ಚದ, ಬರೀ ಹೊಗೆ ಕಂಡ ಹಲಗೆಗಳನ್ನು ಮಾತ್ರ ತೊಟ್ಟಿಲಿಗೆ ಇಟ್ಟುಕೊಂಡೆ.

ಮೊಳೆ ಹುಡುಕುವುದು ಬೇಸರದ ಕೆಲಸ. ತಲೆ ಮುರಿದ ಕಬ್ಬಿಣದ ಮೊಳೆಗಳು ಮರದೊಳಗೇ ಉಳಿದಿರುತ್ತವೆ. ಸುತ್ತ ಹಬ್ಬಿದ ಕಪ್ಪು ಕಲೆಯೇ ಗುರುತು. ಕಪ್ಪು ಕಂಡ ಕಡೆಯೆಲ್ಲ ಅಯಸ್ಕಾಂತವನ್ನು ಆಡಿಸಿ, ಉಳಿಯಿಂದ ಬಿಡಿಸಿ, ಇಕ್ಕಳದಲ್ಲಿ ಕಿತ್ತೆ. ಒಂದೇ ಒಂದು ಮೊಳೆ ತಪ್ಪಿಸಿಕೊಂಡು ಹೋದರೂ ಸಾಮಿಲ್ಲಿನವರ ಬ್ಲೇಡು ಹಾಳು, ಮುಂದಿನ ಸಲ ಅವರು ನಮ್ಮ ಮರವನ್ನು ಮುಟ್ಟುವುದಿಲ್ಲ. ಮೂಡಿಗೆರೆಯ ಸಾಮಿಲ್ಲಿನಲ್ಲಿ ಕಾಲುಗಳಿಗೆ ಐದಕ್ಕೆ ಐದು ಸೆಂಟಿಮೀಟರ್, ಪಟ್ಟಿಗಳಿಗೆ ಆರಕ್ಕೆ ಮೂರು, ಸರಳುಗಳಿಗೆ ಮೂರಕ್ಕೆ ಒಂದೂವರೆ ಎಂದು ಸ್ವಲ್ಪ ಧಾರಾಳವಾಗಿಯೇ ಸೀಳಿಸಿ ತಂದೆ. ಹೊರಗೆ ಕಂದು ಬಣ್ಣಕ್ಕೆ ತಿರುಗಿದ್ದ ಹಲಗೆ ಸೀಳಿದಾಗ ಒಳಗೆ ಅರಿಸಿನದ ಬಣ್ಣ. ಹೊಟ್ಟು ಬಿದ್ದ ಅಂಗಿ, ಬೆವರಿದ ಮೊಣಕೈ ಎಲ್ಲ ಹಳದಿ. ಬೌದ್ಧ ಭಿಕ್ಷುಗಳ ಚೀವರಕ್ಕೆ ಹಲಸಿನ ಚಕ್ಕೆಯ ಬಣ್ಣ ಕಟ್ಟುವ ಪದ್ಧತಿ ಆಗ್ನೇಯ ಏಷ್ಯಾದಲ್ಲಿದೆ ಎಂಬುದು ನೆನಪಾಯಿತು. ನನ್ನ ಬನಿಯನ್ನಿಗೆ ಯಾವ ದೀಕ್ಷೆಯೂ ಇಲ್ಲದೆ ಆ ಬಣ್ಣ ಬಂತು.

ಹಳೆಯ ಮರವಾದರೂ ಸೀಳಿದ ಮೇಲೆ ಒಂದಿಷ್ಟು ಡೊಂಕಾಗುತ್ತದೆ. ಹೊರಗೆ ಶ್ರಾವಣದ ಜಡಿಮಳೆ. ನಮ್ಮಲ್ಲಿ ಕಾಫಿಯ ತೇವ ನೋಡುವ ಮೀಟರ್ ಇದೆ, ಅದು ಮರಕ್ಕೆ ಬರುವುದಿಲ್ಲ. ಹಾಗಾಗಿ ಹಳೆಯ ಉಪಾಯ ಹಿಡಿದೆ: ಪಟ್ಟಿಗಳ ನಡುವೆ ಸಣ್ಣ ರಿಪೀಸು ತುಂಡುಗಳನ್ನು ಅಡ್ಡ ಇಟ್ಟು ನೀರೊಲೆಯ ಮೇಲಿನ ಅಟ್ಟದಲ್ಲಿ ಪೇರಿಸಿ, ಅದರಲ್ಲಿ ಒಂದು ಪಟ್ಟಿಗೆ ಗುರುತು ಮಾಡಿ ಆಗಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತ ಹೋದೆ. ತೂಕ ಇಳಿಯುವುದು ನಿಂತಿತು ಎಂದರೆ ಮರ ಮನೆಯ ಗಾಳಿಗೆ ಹೊಂದಿಕೊಂಡಿತು ಎಂದರ್ಥ. ನಿಂತ ಮೇಲೆಯೇ ಹತ್ತರಿ ಹಿಡಿದದ್ದು.

ಹಲಸಿಗೆ ಹತ್ತರಿ ಹೊಡೆಯುವುದಕ್ಕೆ ತಾಳ್ಮೆ ಬೇಕು. ಎಳೆಗಳು ಒಂದೇ ದಿಕ್ಕಿಗೆ ಓಡುವುದಿಲ್ಲ. ಒಂದು ಅಂಗುಲ ನುಣ್ಣಗೆ ಬಂದದ್ದು ಮುಂದಿನ ಅಂಗುಲಕ್ಕೆ ಕಿತ್ತುಕೊಂಡು ಬರುತ್ತದೆ. ಅಲಗನ್ನು ಪದೇಪದೇ ಮಸೆದು, ಕಾಗದದಷ್ಟು ತೆಳ್ಳಗೆ ಸಿಪ್ಪೆ ಬರುವ ಹಾಗೆ ಕಡಿಮೆ ಹೊರಗೆ ಬಿಟ್ಟು, ಕೊನೆಯ ಮೇಲ್ಮೈಯನ್ನು ಉಕ್ಕಿನ ಕೀಸುಪಟ್ಟಿಯಿಂದ ಎಳೆದರೆ ಮಾತ್ರ ಸರಿಹೋಗುತ್ತದೆ. ಸರಳುಗಳನ್ನು ಮೂರು ಸೆಂಟಿಮೀಟರ್ ಅಗಲ, ಹನ್ನೆರಡು ಮಿಲಿಮೀಟರ್ ದಪ್ಪಕ್ಕೆ ತಂದೆ. ಬೇಕಾದದ್ದು ನಲವತ್ತು. ಅದಕ್ಕಿಂತ ಹೆಚ್ಚಾಗಿಯೇ ಮಾಡಿಟ್ಟುಕೊಂಡೆ, ಏಕೆಂದರೆ ಮುಂದೆ ಪರೀಕ್ಷೆ ಇತ್ತು.

ಪರೀಕ್ಷೆಗೆ ಕಾಫಿ ಹಣ್ಣು ತೂಗುವ ಕೊಂಡಿಯ ಸ್ಪ್ರಿಂಗ್ ತಕ್ಕಡಿ ಒದಗಿತು. ಅರ್ಧ ಮೀಟರ್ ಅಂತರದಲ್ಲಿ ಎರಡು ಸಿಮೆಂಟ್ ಇಟ್ಟಿಗೆ, ಮೇಲೆ ಅಡ್ಡಲಾಗಿ ಸರಳು, ನಟ್ಟನಡುವೆ ಹಗ್ಗದ ಕುಣಿಕೆ, ಕುಣಿಕೆಗೆ ತಕ್ಕಡಿ. ಮುಳ್ಳು ಇಪ್ಪತ್ತು ಕಿಲೋ ತೋರಿಸುವವರೆಗೆ ಕೆಳಕ್ಕೆ ಜಗ್ಗುವುದು. ಒಳ್ಳೆಯ ಸರಳು ಸ್ವಲ್ಪ ಬಾಗಿ, ಬಿಟ್ಟ ತಕ್ಷಣ ನೆಟ್ಟಗಾಗುತ್ತಿತ್ತು. ನೋಡಲು ಏನೂ ಕೊರತೆಯಿಲ್ಲದ ಒಂದು ಸರಳು ಹನ್ನೆರಡು ಕಿಲೋ ದಾಟುವಷ್ಟರಲ್ಲಿ ಲಟಕ್ಕೆಂದು ಮುರಿಯಿತು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರೆ, ಎಳೆಗಳು ಸರಳಿನ ಉದ್ದಕ್ಕೂ ಸಾಗದೆ ಒಂದು ಬದಿಯಿಂದ ಇನ್ನೊಂದಕ್ಕೆ ಓರೆಯಾಗಿ ಹಾದುಹೋಗಿದ್ದವು. ಪಕ್ಕದಲ್ಲೆಲ್ಲೋ ಇದ್ದ ಗಂಟಿನ ಪ್ರಭಾವ ಅಲ್ಲಿಯವರೆಗೆ ಬಂದಿತ್ತು. ಅದಾದ ಮೇಲೆ ಓರೆ ಎಳೆ ಕಂಡ ಸರಳುಗಳನ್ನೆಲ್ಲ ತೂಗುವ ಮೊದಲೇ ಒಲೆಗೆ ಹಾಕಿದೆ. ಆಚಾರ್ಯರು ಈ ಆಟವನ್ನು ಮೊದಲು ದೂರದಿಂದ ನೋಡುತ್ತಿದ್ದವರು, ಸರಳು ಮುರಿದ ಮೇಲೆ ತಾವೇ ಬಂದು ಕುಣಿಕೆ ಸರಿಮಾಡಿ ಕೊಡತೊಡಗಿದರು.

ಸರಳುಗಳನ್ನು ಪಟ್ಟಿಗೆ ಕೂರಿಸಲು ಎರಡು ದಾರಿಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಕಂಡಿ ಕೊರೆಯುವುದು ಒಂದು. ನಲವತ್ತು ಸರಳಿಗೆ ಎಂಬತ್ತು ಕಂಡಿ. ಒಂದು ಕಂಡಿ ಎರಡು ಮಿಲಿಮೀಟರ್ ಸರಿದರೂ ಸಂದು ಹೆಚ್ಚು ಕಡಿಮೆಯಾಗುತ್ತದೆ. ನಾನು ಹಿಡಿದದ್ದು ಇನ್ನೊಂದನ್ನು. ಪಟ್ಟಿಯ ಉದ್ದಕ್ಕೂ ಹನ್ನೆರಡು ಮಿಲಿಮೀಟರ್ ಅಗಲ, ಹದಿನೈದು ಆಳದ ಒಂದೇ ತೋಡು ತೆಗೆದು, ಸರಳಿನ ತುದಿಯನ್ನು ಹಾಗೆಯೇ ಅದರೊಳಗೆ ಇಳಿಸುವುದು. ಸರಳು, ಆಮೇಲೆ ಒಂದು ನಡುತುಂಡು, ಮತ್ತೆ ಸರಳು, ಮತ್ತೆ ನಡುತುಂಡು. ನಡುತುಂಡುಗಳನ್ನೆಲ್ಲ ಗರಗಸದ ಹಲಗೆಗೆ ಒಂದೇ ಅಡ್ಡಗಟ್ಟೆ ಹೊಡೆದು ಒಂದೇ ಅಳತೆಗೆ ಕೊಯ್ದರೆ ಸಂದು ತಾನಾಗಿಯೇ ಒಂದೇ ಆಗುತ್ತದೆ. ಅಳೆಯುವ ಕೆಲಸವೇ ಇಲ್ಲ. ಉದ್ದದ ಪಕ್ಕದಲ್ಲಿ ಕಾಲಿನಿಂದ ಕಾಲಿಗೆ 122 ಸೆಂಟಿಮೀಟರ್. ಹದಿನಾಲ್ಕು ಸರಳುಗಳ ಒಟ್ಟು ಅಗಲ 42 ಕಳೆದರೆ ಉಳಿಯುವ 80ನ್ನು ಹದಿನೈದು ಸಂದುಗಳಿಗೆ ಹಂಚಬೇಕು: ಒಂದೊಂದು 53 ಮಿಲಿಮೀಟರ್ ಮತ್ತು ಚೂರು. ಹದಿಮೂರೇ ಸರಳು ಹಾಕಿದ್ದರೆ 59 ದಾಟುತ್ತಿತ್ತು. ನಿಯಮಕ್ಕೆ ಅದೂ ಸರಿಯೇ, ಆದರೆ ಬಿಸಿಲಿಗೆ ಮರ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಒಂದು ಸರಳಿನ ಮರಕ್ಕೆ ಜಿಪುಣತನ ಮಾಡಲು ಮನಸ್ಸಾಗಲಿಲ್ಲ.

ತಲೆ ಮತ್ತು ಕಾಲಿನ ಕಡೆಯ ಚೌಕಟ್ಟು 62 ಸೆಂಟಿಮೀಟರ್. ಇಲ್ಲಿ ಕಾಲುಗಳಿಗೆ ತಾಗಿ ಎರಡೂ ಬದಿಗೆ ಐದು ಸೆಂಟಿಮೀಟರ್ ಅಗಲದ ನಿಲುಪಟ್ಟಿ ನಿಲ್ಲಿಸಿ ಅಂಟಿಸಿದೆ. ತಳದ ಮೇಲ್ಮಟ್ಟದ ಬೋಲ್ಟು ಹಿಡಿಯಲು ಅದು ಬೇಕು. ಉಳಿದ 52ರಲ್ಲಿ ಆರು ಸರಳುಗಳು, ಸಂದು 48 ಮಿಲಿಮೀಟರ್ ಮತ್ತು ಚೂರು. ಕಾಲುಗಳಲ್ಲಿ ಕಂಡಿ ಕೊರೆದು, ಪಟ್ಟಿಯ ತುದಿಗೆ ನಾಲಗೆ ತೆಗೆದು, ಫೆವಿಕಾಲ್ ಹಚ್ಚಿ ಕೂರಿಸಿ, ಬಿದಿರು ಮೊಳೆ ಹೊಡೆದೆ. ಉದ್ದದ ಪಕ್ಕಗಳಿಗೆ ಆರು ಮಿಲಿಮೀಟರ್ ದಪ್ಪ, ಹತ್ತು ಸೆಂಟಿಮೀಟರ್ ಉದ್ದದ ಅಲೆನ್ ಬೋಲ್ಟು. ಪಟ್ಟಿಯೊಳಗೆ ಅಡ್ಡ ಕೂರುವ ಉರುಟು ನಟ್ಟು. ಕಾಲಿನೊಳಗೆ ಈ ಬೋಲ್ಟು ಆ ನಾಲಗೆಯನ್ನು ತೂರಿಕೊಂಡೇ ಹೋಗುವ ಹಾಗೆ ತೂತು ಹಾಕಿದ್ದರಿಂದ ನಾಲಗೆಗೆ ಇನ್ನೊಂದು ಬೀಗ ಬಿದ್ದಂತಾಯಿತು. ಬೋಲ್ಟಿನ ಪಕ್ಕದಲ್ಲಿ ಒಂದು ಮರದ ಗೂಟ, ಪಟ್ಟಿ ಸುತ್ತು ತಿರುಗದಿರಲಿ ಎಂದು. ಮರಕ್ಕೆ ನೇರ ಸ್ಕ್ರೂ ಹಾಕಿದರೆ ಎರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸಡಿಲವಾಗುತ್ತದೆ. ಬಿಚ್ಚಿ ಜೋಡಿಸುವ ವಸ್ತುವಿಗೆ ಬೋಲ್ಟು ನಟ್ಟೇ ಆಗಬೇಕು.

ಕಾಲುಗಳ ತುದಿಯ ವಿಷಯದಲ್ಲಿ ಆಚಾರ್ಯರಿಗೂ ನನಗೂ ದೊಡ್ಡ ಮಾತುಕತೆಯೇ ಆಯಿತು. ಅವರು ಕಂಡ ತೊಟ್ಟಿಲುಗಳಲ್ಲೆಲ್ಲ ನಾಲ್ಕೂ ಮೂಲೆಗೆ ಕಡೆದ ಕಳಶ, ಕೆಲವಕ್ಕೆ ಗಿಳಿ. ಕಳಶ ತಾವೇ ಕಡೆದು ಕೊಡುತ್ತೇನೆ, ದುಡ್ಡು ಬೇಡ ಎಂದರು. ಬೇಡ ಎನ್ನಲು ನನಗೆ ನಿಜಕ್ಕೂ ಕಷ್ಟವಾಯಿತು. ಆದರೆ ನಮ್ಮ ಮಕ್ಕಳ ಮೈಮೇಲೆ ಇರುವ ದಾರಗಳನ್ನು ನೆನಪಿಸಿಕೊಳ್ಳಿ: ಕೊರಳಿಗೆ ದೃಷ್ಟಿಯ ಕರಿದಾರ, ಸೊಂಟಕ್ಕೆ ಉಡುದಾರ, ಅಂಗಿಗೆ ಕಟ್ಟುವ ಲಾಡಿ. ನಿಲ್ಲಲು ಕಲಿತ ಮಗು ಕಳಶಕ್ಕೆ ಕೊರಳದಾರ ಸಿಕ್ಕಿಸಿಕೊಂಡು ಕುಸಿದು ಕುಳಿತರೆ ಮುಗಿಯಿತು. ಕಾಲಿನ ತುದಿ ಮೇಲ್ಪಟ್ಟಿಗಿಂತ ಎತ್ತರ ಇರಲೇಬಾರದು. "ನೋಡಲು ಮೊಂಡಾಗುತ್ತದಲ್ಲಪ್ಪ" ಎಂದರು. "ಮೊಂಡಾಗಲಿ ಆಚಾರ್ಯರೇ, ನಿಮ್ಮ ಗಿಳಿಯನ್ನು ಪಟ್ಟಿಯ ಹೊರಮೈಗೆ ಕೆತ್ತಿಕೊಡಿ" ಎಂದೆ. ತಲೆಯ ಕಡೆಯ ಮೇಲ್ಪಟ್ಟಿಯ ಹೊರಬದಿಯಲ್ಲಿ ಈಗ ಎದುರುಬದುರು ಎರಡು ಗಿಳಿಗಳಿವೆ, ಕೊಕ್ಕಿನ ನಡುವೆ ಒಂದು ಹಣ್ಣು. ಬೆರಳಾಡಿಸಿದರೆ ತಿಳಿಯುವಷ್ಟೇ ಆಳ. ಕೆಲಸ ಬಲ್ಲ ಕೈ ಹೇಗಿರುತ್ತದೆ ಎಂದು ಅವರ ಉಳಿ ಓಡುವುದನ್ನು ನೋಡಿಯೇ ತಿಳಿಯಬೇಕು. ಕಾಗದದ ಮೇಲೆ ಚಿತ್ರವನ್ನೂ ಬರೆದುಕೊಳ್ಳಲಿಲ್ಲ.

ಅಂಟು ಒಣಗಿದ ಮೇಲೆ ಆರು ಸೆಂಟಿಮೀಟರ್ ಅಗಲದ ಒಂದು ಮರದ ತುಂಡನ್ನು ಎಲ್ಲ ಸಂದುಗಳಿಗೂ ಒತ್ತಿ ನೋಡಿದೆ. ಎಲ್ಲಿಯೂ ತೂರಲಿಲ್ಲ. ಅಂಚುಗಳನ್ನೆಲ್ಲ ಉರುಟು ಮಾಡಿ, ಮರಳುಕಾಗದವನ್ನು ಒರಟಾದ 80ನೇ ನಂಬರಿನಿಂದ ಶುರುಮಾಡಿ 120, 180, ನುಣ್ಣನೆಯ 240ರವರೆಗೆ ಹೋದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಮಲಗಿದ್ದ ಎಳೆಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಅವನ್ನು ಮತ್ತೊಮ್ಮೆ ಉಜ್ಜಬೇಕು. ಪರೀಕ್ಷೆಗೆ ಅಂಗೈ ಸಾಲದು. ಹಳೆಯ ಸಿಲ್ಕ್ ಸೀರೆಯ ತುಂಡನ್ನು ಸರಳಿನ ಮೇಲೆ ಎಳೆದರೆ ಸಣ್ಣ ಸಿಬಿರಿದ್ದರೂ ದಾರ ಸಿಕ್ಕಿಕೊಂಡು ತೋರಿಸುತ್ತದೆ.

ಹೀಗೆ ಒದ್ದೆ ಬಿಳಿ ಬಟ್ಟೆಯಿಂದ ಒರೆಸುವಾಗಲೇ ಇನ್ನೊಂದು ಸಂಗತಿ ಕಂಡಿತು: ಬಟ್ಟೆಗೆ ತಿಳಿ ಹಳದಿ ಅಂಟುತ್ತಿತ್ತು. ದಿನಕ್ಕೆ ಹತ್ತು ಸಲ ಒದ್ದೆ ಮಾಡುವ ಕೂಸಿನ ಹಾಸಿಗೆಯ ಕೆಳಗೆ ಬರಿಯ ಹಲಸು ಇಡುವಂತಿಲ್ಲ. ಹೊರಗೆ ಕಾಣದ ತಳದ ಪಟ್ಟಿಗಳಿಗೂ ಸೇರಿಸಿ ಎಲ್ಲ ಮುಖಕ್ಕೂ ಪಾಲಿಶ್ ಆಗಬೇಕು.

ಪಾಲಿಶ್ ಯಾವುದು? ಪೇಟೆಯ ಕೆಲಸಗಾರರು ಮೆಲಮೈನ್ ಇಲ್ಲವೇ ಪಿಯು, ಅಂದರೆ ಪಾಲಿಯುರೆಥೇನ್, ಎಂಬ ರಾಸಾಯನಿಕ ಲೇಪ ಹೊಡೆಯುತ್ತಾರೆ. ಗಟ್ಟಿ, ಹೊಳಪು, ನೀರಿಗೆ ಜಗ್ಗುವುದಿಲ್ಲ. ಸ್ಪ್ರೇ ಮತ್ತು ಅದರ ವಾಸನೆ ನಮ್ಮ ಗೋದಾಮಿಗೆ ಆಗುವುದಿಲ್ಲ. ಕಾಫಿ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಅಗಸೆ ಎಣ್ಣೆ ನನಗೆ ಇಷ್ಟ, ಆದರೆ ಹಸಿ ಎಣ್ಣೆ ಮಲೆನಾಡಿನ ತೇವದಲ್ಲಿ ವಾರಗಟ್ಟಲೆ ಜಿಗುಟಾಗಿಯೇ ಇರುತ್ತದೆ. ಬೇಗ ಒಣಗಲೆಂದು ಮಾರುವ ಎಣ್ಣೆಗೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು, ಗೋಣಿಚೀಲ ತುಂಬಿದ ಗೋದಾಮಿನಲ್ಲಿ ಆ ರಿಸ್ಕ್ ಯಾರಿಗೆ ಬೇಕು. ಕೊನೆಗೆ ಅರಗು ಎಂದು ನಿರ್ಧರಿಸಿದೆ. ಅರಗಿನ ಹುಳು ಮರದ ಕೊಂಬೆಯ ಮೇಲೆ ಒಸರುವ ರಾಳ ಇದು. ಔಷಧದ ಮಾತ್ರೆಗೂ ಮಿಠಾಯಿಗೂ ಹೊಳಪಿನ ಲೇಪವಾಗಿ ಹಚ್ಚುತ್ತಾರೆ. ಚನ್ನಪಟ್ಟಣದ ಬೊಂಬೆಗಳ ಬಣ್ಣವೂ ಅರಗೇ: ಯಂತ್ರದಲ್ಲಿ ತಿರುಗುವ ಹಾಲೆಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಮಕ್ಕಳು ಬಾಯಿಗೆ ಹಾಕುವ ವಸ್ತುವಿನ ಮೇಲೆ ಇಷ್ಟು ದೀರ್ಘ ಕಾಲ ಬಳಕೆಯಲ್ಲಿರುವ ಲೇಪ ಇನ್ನೊಂದು ನನಗೆ ತಿಳಿಯದು.

ಚಿಕ್ಕಮಗಳೂರಿನ ಪೇಂಟ್ ಅಂಗಡಿಯಿಂದ ಅರಗಿನ ಚಕ್ಕೆ ತಂದು, ಲೀಟರ್ ಸ್ಪಿರಿಟ್‌ಗೆ ಸುಮಾರು ಇನ್ನೂರು ಗ್ರಾಂ ಲೆಕ್ಕದಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ತೆಳ್ಳನೆಯ ಬಟ್ಟೆಯಲ್ಲಿ ಸೋಸಿದೆ. ಬೇಕಾದಷ್ಟನ್ನೇ ಕಲಸಿಕೊಳ್ಳಬೇಕು; ತಿಂಗಳುಗಟ್ಟಲೆ ಇಟ್ಟ ದ್ರಾವಣ ಹಚ್ಚಿದರೆ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಸ್ಪಿರಿಟ್ ಕುಡಿಯುವಂಥದ್ದಲ್ಲ, ಅದರ ಹಬೆಯೂ ಒಳ್ಳೆಯದಲ್ಲ. ಎರಡೂ ಬಾಗಿಲು ತೆರೆದಿಟ್ಟೇ ಕೆಲಸ. ಮರದ ಮೇಲಿನಿಂದ ಅದು ಹಾರಿಹೋದ ಮೇಲೆ ಉಳಿಯುವುದು ಅರಗು ಮಾತ್ರ.

ಆದರೆ ಅರಗಿಗೂ ಮಳೆಗೂ ವೈರ. ತೇವದ ಗಾಳಿಯಲ್ಲಿ ಹಚ್ಚಿದರೆ ಪದರದೊಳಗೆ ನೀರಿನಂಶ ಸಿಕ್ಕಿ ಬೆಳ್ಳಗೆ ಮಂಜು ಕಟ್ಟುತ್ತದೆ. ನವರಾತ್ರಿಯ ಹೊತ್ತಿಗೆ ಮಳೆ ಬಿಡುವು ಕೊಟ್ಟಿತು. ಬಿಸಿಲೇರಿ ಇಬ್ಬನಿಯ ತಂಪು ಹೋದ ಮೇಲೆ ಆರಂಭಿಸಿ, ಮಧ್ಯಾಹ್ನ ಮೋಡ ಕಟ್ಟುವ ಮೊದಲು ನಿಲ್ಲಿಸುವುದು ಎಂದು ನೇಮ ಮಾಡಿಕೊಂಡೆ. ಹತ್ತಿಯ ಉಂಡೆಗೆ ಹಳೆಯ ಪಂಚೆಯ ತುಂಡು ಸುತ್ತಿ, ಅದನ್ನು ಅದ್ದಿ ಹಿಂಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಎಳೆಯಬೇಕು. ಹಚ್ಚಿದ ಕಡೆಗೇ ತಕ್ಷಣ ಮತ್ತೆ ಹೋದರೆ ಕೆಳಗಿನ ಪದರ ಕರಗಿ ಕಿತ್ತು ಬರುತ್ತದೆ. ಪದರದಿಂದ ಪದರಕ್ಕೆ 320ರ ಕಾಗದದಿಂದ ಹಗುರವಾಗಿ ಉಜ್ಜಿ ದೂಳು ಒರೆಸಿ ಮುಂದಿನದು. ಭಾಗಗಳು ಬಿಡಿಬಿಡಿಯಾಗಿದ್ದದ್ದು ಇಲ್ಲಿ ವರವಾಯಿತು. ಜೋಡಿಸಿ ನಿಲ್ಲಿಸಿದ್ದರೆ ಮೂಲೆಗಳಲ್ಲಿ ಅರಗು ಇಳಿದು ತೊರೆ ಕಟ್ಟುತ್ತಿತ್ತು. ಅಮ್ಮನ ಶಾಸ್ತ್ರಕ್ಕೆ ಪಾಲಿಶ್ ದೃಷ್ಟಿಯಿಂದಲೂ ಬೆಲೆ ಇದೆ ಎಂದು ಅವರಿಗೆ ಹೇಳಿದೆ. ಅದು ತಮಗೆ ಮೊದಲೇ ಗೊತ್ತಿತ್ತು ಎನ್ನುವಂತೆ ಮುಖ ಮಾಡಿದರು. ಕೊನೆಗೆ ಜೇನುಮೇಣವನ್ನು ಬೆಚ್ಚಗೆ ಮಾಡಿ ಬಟ್ಟೆಯಿಂದ ಉಜ್ಜಿದೆ. ಹಳದಿ ಹಲಸು ಜೇನಿನ ಬಣ್ಣಕ್ಕೆ ಇಳಿಯಿತು. ಬೆಳಕಿಗೆ ಅದು ಇನ್ನೂ ಕಂದಾಗುತ್ತಲೇ ಹೋಗುತ್ತದೆ.

ನವೆಂಬರ್‌ನಲ್ಲಿ, ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ, ತಂಗಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಫೋನು ಬಂದ ಮೇಲೆ ಅಮ್ಮ ನನ್ನ ಕೋಣೆಗೆ ಬಂದು, "ಇನ್ನು ಜೋಡಿಸು" ಎಂದರು. ಅಲೆನ್ ಕೀ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ನಾಮಕರಣದ ಶಾಸ್ತ್ರಕ್ಕೆ ಮಾತ್ರ ಚಿಕ್ಕಪ್ಪನ ಮನೆಯ ಸರಪಳಿಯ ತೂಗುತೊಟ್ಟಿಲು ಬಂತು. ತೂಗಲು ಬಾರದ್ದನ್ನು ತೊಟ್ಟಿಲು ಎನ್ನಲು ಬಂದ ಹೆಂಗಸರು ಯಾರೂ ಒಪ್ಪಲಿಲ್ಲ, ಜೋಗುಳ ಹಾಡುವುದು ಯಾವುದಕ್ಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಹಾಡು ಅಲ್ಲಿ ಆಯಿತು, ನಿದ್ದೆ ಇಲ್ಲಿ. ತಲೆ ದುಂಡಗಾಗಲಿ ಎಂದು ದೊಡ್ಡಮ್ಮ ಹೊಲಿದು ತಂದ ಸಾಸಿವೆ ದಿಂಬನ್ನು ಮಗು ಎಚ್ಚರವಿದ್ದಾಗ, ಯಾರಾದರೂ ಎದುರಿಗೆ ಕೂತಿದ್ದಾಗ ಮಾತ್ರ ಬಳಸಲು ಒಪ್ಪಿಸಿದೆವು. ಸರಳುಗಳ ಸುತ್ತ ಕಟ್ಟುವ ಹತ್ತಿಯ ಮೆತ್ತೆಯೊಂದು ಉಡುಗೊರೆಯಾಗಿ ಬಂದಿತ್ತು. ಅಮೆರಿಕದಲ್ಲಿ 2022ರ ಕಾನೂನು ಅದನ್ನೂ ನಿಷೇಧಿಸಿದೆ. ಅದು ಬೀರುವಿನಲ್ಲಿದೆ.

ಒಂದು ವಿಷಯ ಅರಗು ಹಚ್ಚುವವರೆಲ್ಲ ತಿಳಿದಿರಬೇಕು. ಮಗುವನ್ನು ನೋಡಲು ಬಂದವರೆಲ್ಲ ಬಾಗಿಲಲ್ಲಿ ಇಟ್ಟಿದ್ದ ಸ್ಯಾನಿಟೈಸರ್ ಕೈಗೆ ಹಾಕಿಕೊಂಡು, ಅದು ಆರುವ ಮೊದಲೇ ಮೇಲ್ಪಟ್ಟಿ ಹಿಡಿದು ಬಗ್ಗುತ್ತಿದ್ದರು. ಸ್ಯಾನಿಟೈಸರ್‌ನಲ್ಲಿರುವುದು ಆಲ್ಕೋಹಾಲ್, ಅರಗು ಕರಗುವುದೂ ಅದರಲ್ಲೇ. ವಾರದೊಳಗೆ ಮೇಲ್ಪಟ್ಟಿಯ ತುಂಬ ಬಂಧುಬಳಗದ ಬೆರಳಚ್ಚು. ಪಿಯು ಆಗಿದ್ದರೆ ಹೀಗಾಗುತ್ತಿರಲಿಲ್ಲ, ನಿಜ. ಆದರೆ ಪಿಯು ಒಂದು ಕಡೆ ಕೆಟ್ಟರೆ ಇಡೀ ಪಟ್ಟಿ ಕೀಸಬೇಕು. ಇಲ್ಲಿ ತೊಟ್ಟಿಲನ್ನು ಒಂದು ಮಧ್ಯಾಹ್ನ ಹೊರಜಗುಲಿಗೆ ತಂದು, ಸ್ಪಿರಿಟ್ ತೋಯಿಸಿದ ಬಟ್ಟೆಯನ್ನು ಒಮ್ಮೆ ಎಳೆದು, ಮೇಲೆ ಎರಡು ತೆಳು ಪದರ ಹಚ್ಚಿದರೆ ಗುರುತೂ ಉಳಿಯಲಿಲ್ಲ. ಸಾಬೂನು ನೀರೂ ಅರಗಿಗೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಯಾನಿಟೈಸರ್ ಬಾಟಲಿಯನ್ನು ತೆಗೆದು ಅಲ್ಲಿ ಒಂದು ಬಕೆಟ್ ನೀರು, ಚೊಂಬು, ಸಾಬೂನು, ಟವೆಲ್ಲು ಇಟ್ಟೆವು.

ಫೆಬ್ರವರಿಯ ಒಣಹವೆಗೆ ಮರ ಸ್ವಲ್ಪ ಕುಗ್ಗಿ ಪಕ್ಕಗಳ ಎಂಟೂ ಬೋಲ್ಟುಗಳು ಕಾಲು ಸುತ್ತು ಬಿಗಿ ತೆಗೆದುಕೊಂಡವು. ಸಂದುಗಳಿಗೆ ಅದೇ ಆರು ಸೆಂಟಿಮೀಟರ್ ತುಂಡನ್ನು ಮತ್ತೆ ಒತ್ತಿ ನೋಡಿದೆ, ತೂರಲಿಲ್ಲ. ಮಗು ಈಗ ಮಗ್ಗುಲಾಗುತ್ತದೆ, ಅಂಗೈ ಊರಿ ಎದೆ ಎತ್ತುತ್ತದೆ. ಕೂರುವ ಸೂಚನೆ ಕಂಡ ಕೂಡಲೇ ತಳವನ್ನು ಕೆಳಮಟ್ಟಕ್ಕೆ ಇಳಿಸಬೇಕು. ಆ ಹೊತ್ತಿಗೆ ತಂಗಿ ಬೆಂಗಳೂರಿನಲ್ಲಿರುತ್ತಾಳೆ, ಕೆಲಸ ಭಾವನ ಪಾಲಿಗೆ. ಅಲೆನ್ ಕೀ, ನಾಲ್ಕು ಹೆಚ್ಚಿನ ಬೋಲ್ಟುಗಳು, ಸಂದು ನೋಡುವ ತುಂಡು, ಸ್ವಲ್ಪ ಅರಗಿನ ಚಕ್ಕೆ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ, ಯಾವ ಬೋಲ್ಟು ಯಾವ ತೂತಿಗೆ ಎಂದು ಚಿತ್ರ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಕೆಳಮಟ್ಟದ ತೂತುಗಳಿಗೆ ಹಲಸಿನದೇ ಬಿರಡೆ ಹೊಡೆದಿದೆ. ಒಳಗಿನಿಂದ ಬೆರಳಿನಲ್ಲಿ ತಳ್ಳಿದರೆ ಬರುವುದಿಲ್ಲ, ಹೊರಗಿನಿಂದ ಸ್ಕ್ರೂಡ್ರೈವರ್‌ನಲ್ಲಿ ಮೀಟಬೇಕು ಎಂದು ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.